ಆಗಲಿಲ್ಲ ಎಂದು ಬರೆದವಳು

ಪೆಟ್ಟಿಗೆ ಕುಣಿಯೊಳಗೆ ಅರ್ಧ ಇಳಿದಿದ್ದಾಗ, ಅದನ್ನು ಇಳಿಸಲು ಕೊಲೆಟ್ ಹಿಡಿದಿದ್ದ ಪಟ್ಟಿ ಜಾರಿತು. ಎದುರಿಗೆ ನಿಂತಿದ್ದ ತೊಯ್ವೊ ತನ್ನ ಕಡೆಯ ಪಟ್ಟಿಯನ್ನೂ ಅಷ್ಟೇ ಸಡಿಲಬಿಟ್ಟು ಪೆಟ್ಟಿಗೆ ವಾಲದಂತೆ ನೋಡಿಕೊಂಡ. ಒಳಗಿದ್ದವಳು ಅವನ ಹೆಂಡತಿ ಔನೆ.

"ನಿಧಾನವಾಗಿ ಬಿಡಮ್ಮ," ಎಂದ. "ಅವಳಿಗೆ ಯಾವತ್ತೂ ಅವಸರ ಇರ್ಲಿಲ್ಲ."

ಅವಸರ ಇದ್ದದ್ದು ಕೊಲೆಟ್‌ಗೆ. ಔನೆಯೂ ಅವಳೂ ಒಂದೇ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದವರು. ಇಬ್ಬರೂ ಸೇರಿ ಬರೆದ ಲೇಖನವನ್ನು ತಿದ್ದಿ ಪತ್ರಿಕೆಗೆ ಕಳಿಸಲು ಆ ದಿನವೇ ಕೊನೆಯ ದಿನ. ಅದು ಅಚ್ಚಾಗದಿದ್ದರೆ ಬರುವ ವರ್ಷ ಕೊಲೆಟ್‌ಳ ಕೆಲಸ ಉಳಿಯುವುದು ಅನುಮಾನವಿತ್ತು.

ಮಣ್ಣು ಹಾಕಿ ಎಲ್ಲರೂ ಚರ್ಚಿನ ಕೆಳಗಿನ ಸಭಾಂಗಣಕ್ಕೆ ಬಂದರು. ಥಂಡರ್ ಬೇ ಊರಿನ ಫಿನ್ನಿಶ್ ಜನರ ಸಾವಿನಲ್ಲಿ ಅಳು ಕಡಿಮೆ, ಕಾಫಿ ಜಾಸ್ತಿ. ಏಲಕ್ಕಿ ಹಾಕಿ ಜಡೆಯಂತೆ ಹೆಣೆದ ಬ್ರೆಡ್ಡು ಮೇಜಿನುದ್ದಕ್ಕೂ ಇತ್ತು. ವಿಭಾಗದ ಮುಖ್ಯಸ್ಥ ಡೆಸ್ಮಂಡ್ ತಟ್ಟೆ ಹಿಡಿದು ಕೊಲೆಟ್ ಪಕ್ಕದಲ್ಲಿ ಕೂತ. ಇವತ್ತು ಕೇಳಬಾರದು ಎನ್ನುತ್ತಲೇ ಕೇಳಿದ, ಲೇಖನ ಹೋಯಿತೇ ಎಂದು. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಪತ್ರಿಕೆಯವರು ಹೇಳಿದ ಹಾಗೆ ತಿದ್ದಿ ಕಳಿಸಿಬಿಡು. ಔನೆಯ ಹಟ ಔನೆಯ ಜೊತೆ ಹೋಯ್ತು. ಬಾಡಿಗೆ ಕಟ್ಟಬೇಕಾದವಳು ನೀನು."

*

ಊರಿನ ವೃದ್ಧಾಶ್ರಮದಲ್ಲಿದ್ದವರನ್ನು ಜೋಡಿ ಮಾಡಿ, ಬೆಳಿಗ್ಗೆ ಸರೋವರದ ದಂಡೆಯಲ್ಲಿ ನಡೆಸಿದರೆ ಅವರ ಒಂಟಿತನ ಕಡಿಮೆಯಾಗುತ್ತದೆಯೇ? ಅದನ್ನು ತಿಳಿಯಲು ಔನೆ, ಕೊಲೆಟ್ ಇಬ್ಬರೂ ಒಂದಿಡೀ ಚಳಿಗಾಲ ದುಡಿದಿದ್ದರು. ನಡಿಗೆ ಶುರುವಾಗುವ ಮೊದಲೂ ಮುಗಿದ ಮೇಲೂ ಎದುರು ಕೂತು ಪ್ರಶ್ನೆ ಕೇಳಿದರು. ಅರ್ಧ ಜನರನ್ನು ಔನೆ, ಅರ್ಧ ಜನರನ್ನು ಕೊಲೆಟ್. ಒಟ್ಟು ಲೆಕ್ಕದಲ್ಲಿ ಒಂಟಿತನ ಇದ್ದಲ್ಲೇ ಇತ್ತು. ಕೊಲೆಟ್ ಕೇಳಿದವರಲ್ಲಿ ಮಾತ್ರ ತುಸು ಇಳಿದಂತೆ ಕಂಡಿತು.

"ಆಗಲಿಲ್ಲ ಅಂತಲೇ ಬರೆಯೋಣ," ಎಂದಳು ಔನೆ.

ಆಗಲಿಲ್ಲ ಎನ್ನುವ ಲೇಖನ ಯಾರಿಗೆ ಬೇಕು? ವಿದ್ವತ್ ಪತ್ರಿಕೆಗಳ ಲೋಕದಲ್ಲಿ ಒಂದು ಪತ್ರಿಕೆ ಒಲ್ಲೆ ಎಂದ ಮೇಲೆಯೇ ಇನ್ನೊಂದರ ಬಾಗಿಲು ತಟ್ಟಬೇಕು. ಎರಡು ಕಡೆ ಒಟ್ಟಿಗೆ ಕಳಿಸಿದರೆ ಮರ್ಯಾದೆ ಹೋದಂತೆ. ಲೇಖನ ಓದಿ ತೂಗುವವರಿಗೆ ಬರೆದವರ ಹೆಸರು ತಿಳಿಯಬಾರದು, ಅವರ ಹೆಸರು ಇವರಿಗೆ ತಿಳಿಯಬಾರದು. ತಿಂಗಳುಗಟ್ಟಲೆ ಕಾದ ಮೇಲೆ ಮೊದಲ ಪತ್ರಿಕೆ, ಇಲ್ಲಿ ಏನೂ ನಡೆದೇ ಇಲ್ಲವಲ್ಲ ಎಂದು ಹಿಂದಿರುಗಿಸಿತು. ಎರಡನೆಯದರಲ್ಲಿ ತೂಗಿದವರೊಬ್ಬರು, ಈ ಲೇಖಕರಿಗೆ ವಿಷಯವೇ ಗೊತ್ತಿಲ್ಲ, ಮೊದಲು ಔನೆ ಲೆಹ್ತೋಲಾ ಬರೆದಿರುವುದನ್ನು ಓದಲಿ ಎಂದು ಬುದ್ಧಿ ಹೇಳಿದ್ದರು. ಔನೆ ಅದನ್ನು ಗಂಡನಿಗೂ ಓದಿ ಹೇಳಿದಳು. "ಓದಿದೀನಿ. ಅಂಥಾ ಚೆನ್ನಾಗೇನೂ ಇಲ್ಲ," ಎಂದಳು.

ಮೂರನೆಯ ಪತ್ರಿಕೆ ಒಪ್ಪುವ ಮನಸ್ಸು ತೋರಿಸಿತು. ಆ ತುಸು ಇಳಿದದ್ದನ್ನು ಮುಂದಕ್ಕೆ ತನ್ನಿ, ಉಳಿದದ್ದನ್ನು ಕೊನೆಯಲ್ಲಿ ಎರಡು ಸಾಲಿಗೆ ಮುಗಿಸಿ ಎಂದಿತು. ಅಷ್ಟರಲ್ಲಿ ಔನೆ ಆಸ್ಪತ್ರೆ ಸೇರಿದ್ದಳು.

"ಆಗದೆ ಹೋದದ್ದನ್ನ ಮುಚ್ಚಿಟ್ರೆ ಇನ್ಯಾರೋ ಇದನ್ನೇ ಮತ್ತೆ ಮಾಡ್ತಾರೆ," ಎಂದಳು ದಿಂಬಿಗೊರಗಿ. "ವಯಸ್ಸಾದವರ ಹತ್ರ ಅಷ್ಟು ಪುರುಸೊತ್ತಿಲ್ಲ."

"ಆದ್ರೆ ನಾನು ಕೇಳಿದವರಿಗೆ ಕಡಿಮೆ ಆಗಿದೆಯಲ್ಲ?"

"ಅದೇ ನನಗೂ ಬಗೆಹರೀತಿಲ್ಲ. ನೀನು ಕೇಳಿದವರಿಗೆ ಮಾತ್ರ ಯಾಕೆ?"

ಅದು ಬಗೆಹರಿಯುವ ಮೊದಲೇ ಔನೆ ಹೋದಳು.

*

ಕೋಟುಗಳನ್ನು ತೂಗುಹಾಕುವ ಕೋಣೆಯಲ್ಲಿ ಕೊಲೆಟ್ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಳು. ಪತ್ರಿಕೆ ಹೇಳಿದಂತೆ ಲೇಖನದಲ್ಲಿ ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ತಂದಳು. ಕಳಿಸುವುದೊಂದೇ ಬಾಕಿ ಇದ್ದಾಗ ಹಿಲ್ಯಾ ಒಳಗೆ ಬಂದಳು. ವೃದ್ಧಾಶ್ರಮದವಳು, ಆ ಚಳಿಗಾಲದಲ್ಲಿ ನಡೆದವರಲ್ಲಿ ಒಬ್ಬಳು.

"ಸಾವಿನ ದಿನಾನೂ ಕೆಲಸವೇನೇ ಮಗಳೇ?"

"ನಿಮ್ಮದೇ ಕೆಲಸ ಅಜ್ಜಿ. ನಡೆದದ್ದರಿಂದ ನಿಮಗೆ ಒಂಟಿತನ ಕಡಿಮೆ ಆಯ್ತು ಅಂತ ಬರೀತಿದೀನಿ."

ಹಿಲ್ಯಾ ಬೆಂಚಿನ ಮೇಲೆ ಕೂತಳು.

"ಯಾರಿಗೆ ಕಡಿಮೆ ಆಯ್ತು?"

"ನೀವೇ ಹೇಳಿದ್ರಲ್ಲ ಅಜ್ಜಿ."

"ನಿನಗೆ ಹೇಳಿದ್ದೆ." ಹಿಲ್ಯಾ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. "ಆ ಹಿಮದಲ್ಲಿ ನೀನು ನೆಟ್ಟಗೆ ಒಂದು ಬೂಟೂ ಇಲ್ದೆ ಬರ್ತಿದ್ದೆ. ಹೂಂ ಅಂತಾರೋ ಏನೋ ಅಂತ ನಮ್ಮ ಮುಖಾನೇ ನೋಡ್ತಿದ್ದೆ. ಇಲ್ಲ ಅನ್ನೋಕೆ ಬಾಯಿ ಬರುತ್ತಾ? ನಾವೆಲ್ಲ ಮಾತಾಡ್ಕೊಂಡ್ವಿ, ಹುಡುಗಿ ಖುಷಿಯಾಗಿರ್ಲಿ ಅಂತ."

"ಔನೆ ಕೇಳಿದವರು?"

"ಅವಳು ನಮ್ಮ ಬೀದಿಯವಳು. ಅವಳ ಹತ್ರ ಸುಳ್ಳು ಹೇಳಿದ್ರೆ ಗೋರಿಯಲ್ಲಿದ್ದ ಅವಳ ಅಮ್ಮನಿಗೂ ಗೊತ್ತಾಗ್ತಿತ್ತು."

ಕೊಲೆಟ್‌ಳ ಮುಖ ಕಾದುಹೋಯಿತು. ಆಮೇಲೆ ಆ ವಾರದಲ್ಲಿ ಮೊದಲ ಸಲ ನಕ್ಕಳು; ನಗುತ್ತ ನಗುತ್ತ ಅತ್ತಳು. ಹಿಲ್ಯಾ ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟು ಹೊರಟುಹೋದಳು.

ಕೊಲೆಟ್ ಮೇಲಿನದನ್ನು ಮತ್ತೆ ಮೇಲಿಟ್ಟಳು, ಕೆಳಗಿನದನ್ನು ಕೆಳಗಿಟ್ಟಳು. ಲೇಖನ ಕಳಿಸದೆ ಸಂಪಾದಕರಿಗೆ ನಾಲ್ಕು ಮಾತು ಬರೆದಳು: ಇದನ್ನು ಬರೆದವರಲ್ಲಿ ಒಬ್ಬರನ್ನು ಈ ದಿನ ಮಣ್ಣು ಮಾಡಿದೆವು, ನಾವು ಕಂಡೆವೆಂದುಕೊಂಡ ಆ ತುಸು ಇಳಿತ ಎಲ್ಲಿಂದ ಬಂತೆಂದು ಈಗಷ್ಟೇ ತಿಳಿಯಿತು, ಅದನ್ನು ಸೇರಿಸಲು ಸ್ವಲ್ಪ ಸಮಯ ಬೇಕು.

ಸಭಾಂಗಣಕ್ಕೆ ಬಂದು ಡೆಸ್ಮಂಡ್‌ಗೆ ಎಲ್ಲವನ್ನೂ ಹೇಳಿದಳು. ಅವನು ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದ. "ಅಂದ್ರೆ, ಅಜ್ಜಿಯರೇ ನಿನ್ನ ಮೇಲೆ ಪ್ರಯೋಗ ಮಾಡಿದ್ರು ಅನ್ನು." ಆಮೇಲೆ, ಕೆಲಸದ ವಿಷಯ ಕಮಿಟಿಯ ಮುಂದೆ ತಾನು ಮಾತಾಡಿ ನೋಡುತ್ತೇನೆ, ಖಾತ್ರಿ ಮಾತ್ರ ಕೊಡಲಾರೆ ಎಂದ.

ಸಂಪಾದಕರ ಉತ್ತರ ಬೇಗನೆ ಬಂತು. ನಿಮ್ಮ ದುಃಖದಲ್ಲಿ ನಮ್ಮ ಪಾಲೂ ಇದೆ, ಸಮಯ ತೆಗೆದುಕೊಳ್ಳಿ, ತಿಳಿದದ್ದನ್ನು ಓದಲು ಕಾದಿರುತ್ತೇವೆ ಎಂದಿತ್ತು. ಕೊಲೆಟ್ ಅದನ್ನು ಎರಡನೆಯ ಸಲ ಓದುತ್ತಿದ್ದಾಗ ಉದ್ದ ಮೇಜಿನ ಕೊನೆಯಿಂದ ಹಿಲ್ಯಾ ಕರೆದಳು.

"ಬಾರೇ ಇಲ್ಲಿ. ಎಲ್ಲರಿಗೂ ಹೇಳಿದೀನಿ. ಮೊದಲಿಂದ ಪ್ರಶ್ನೆ ಕೇಳು. ಈ ಸಲ ನಿನ್ನ ಮುಖ ನೋಡಲ್ಲ."

ಅವಳು ಹತ್ತಿರ ಹೋಗುವಷ್ಟರಲ್ಲಿ ವೃದ್ಧಾಶ್ರಮದ ಮುದುಕಿಯರು ಬಟ್ಟಲುಗಳನ್ನು ಬದಿಗೆ ಸರಿಸಿ, ಕುರ್ಚಿಗಳನ್ನು ಕಿರ್ರೆಂದು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದರು. ಬೆನ್ನು ತೋರಿಸಿ, ಬಿಳಿ ತಲೆಗಳನ್ನು ಒಂದಿಷ್ಟು ಓರೆ ಮಾಡಿ, ಸಾಲಾಗಿ ಕೂತು ಮೊದಲ ಪ್ರಶ್ನೆಗೆ ಕಾಯುತ್ತಿದ್ದರು.