ಆಳುವವರಿಗಾಗಿ ಪ್ರಾರ್ಥನೆ

"ತೋಳಿನ ಹತ್ತಿರ ಇನ್ನೂ ಸುಕ್ಕಿದೆ ನೋಡೇ," ಎಂದಳು ಸೋದರತ್ತೆ. ಮಗಳು ಸತ್ತ ಅಮ್ಮನಿಗೆ ತೊಡಿಸಲಿದ್ದ ಬಿಳಿ ಉಡುಪನ್ನು ತಿರುವಿ ಹಾಕಿ ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಅಮ್ಮ ಚರ್ಚಿನ ಬಟ್ಟೆಯನ್ನೆಲ್ಲ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಬದುಕಿದವಳು. ಕೊನೆಯ ದಿನ ಸುಕ್ಕುಬಟ್ಟೆ ಹಾಕಿದರೆ ಎದ್ದು ಕೂತು ಬೈದಾಳು.

ಅಷ್ಟರಲ್ಲಿ ಪಾದ್ರಿ ಒಳಗೆ ಬಂದ. ಈ ಚರ್ಚಿನ ಸಭೆಗೆ ಹೊಸಬ, ಚಿಕ್ಕ ವಯಸ್ಸು. ಮಾತಿಗೆ ಮೊದಲೇ ನಗುವ ಅಭ್ಯಾಸ. ಸಾವಿನ ಮನೆಯಲ್ಲಿ ಆ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ.

"ಅಕ್ಕಾ, ಬಿಷಪ್ಪರೇ ಬರ್ತಿದಾರೆ. ಜೊತೇಲಿ ಮಂತ್ರಿಗಳೂ."

"ನಮ್ಮತ್ತಿಗೆಯ ಹೆಣ ನೋಡೋಕಾ?" ಎಂದಳು ಸೋದರತ್ತೆ. "ಬದುಕಿದ್ದಾಗ ಒಬ್ಬರೂ ಈ ಓಣಿ ತುಳೀಲಿಲ್ಲ."

"ಹಾಗಲ್ಲಮ್ಮ, ನಿಮ್ಮತ್ತಿಗೆಯ ಹೋರಾಟ ಈಗ ಎಲ್ಲರಿಗೂ ಗೊತ್ತಾಗಿದೆ."

ಮಗಳು ತಲೆ ಎತ್ತಿದಳು. "ಯಾರಾದ್ರೂ ಬರ್ಲಿ ಪಾದ್ರಿಗಳೇ. ಆಳುವವರ ಪ್ರಾರ್ಥನೆ ಒಂದನ್ನ ಮಾತ್ರ ಅಮ್ಮನ ಮುಂದೆ ಓದಬೇಡಿ."

"ಅಯ್ಯೋ, ಅದು ಭಾನುವಾರದ್ದು. ಮಣ್ಣು ಮಾಡೋ ದಿನ ಯಾರು ಓದ್ತಾರೆ?"

"ಮಾತು ಕೊಡಿ."

"ಕೊಟ್ಟೆ ಅಕ್ಕಾ," ಎಂದ ಪಾದ್ರಿ, ಸಣ್ಣ ಕೆಲಸವೊಂದು ಮುಗಿದ ನೆಮ್ಮದಿಯಲ್ಲಿ.

* * *

ಮಗಳು ಚಿಕ್ಕವಳಿದ್ದ ಕಾಲದಲ್ಲಿ ಸೇನಾಧಿಪತಿ ನಾಡಿನ ಅಧಿಕಾರ ಹಿಡಿದಾಗ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದವರು ಇದೇ ಸಭೆಯ ದೊಡ್ಡವರು. ಪ್ರತಿಯಾಗಿ ಶಾಲೆಗೆ ಜಾಗ ಸಿಕ್ಕಿತು, ಆಸ್ಪತ್ರೆಗೆ ಜಾಗ ಸಿಕ್ಕಿತು, ಚರ್ಚಿನ ಮೊದಲ ಸಾಲಿಗೆ ಮೆತ್ತನೆಯ ಕುರ್ಚಿಗಳು ಬಂದವು. ತಿಂದ ಬಾಯಿ ಸುಮ್ಮನಿತ್ತು.

ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಸೇನಾಧಿಪತಿಯ ವಿರುದ್ಧ ಕರಪತ್ರ ಅಚ್ಚು ಮಾಡಿದ್ದು ಹೊರಬಿದ್ದಾಗ, ಅಮ್ಮನೇ ಅವನನ್ನು ಚರ್ಚಿನ ಗಂಟೆಗೋಪುರಕ್ಕೆ ಕಳಿಸಿದಳು. ದೇವರ ಮನೆಗಿಂತ ಭದ್ರವಾದ ಜಾಗ ಇನ್ನಾವುದು ಎಂಬುದು ಅವಳ ಲೆಕ್ಕ. ಸೈನಿಕರು ಬಂದಾಗ ಆಗಿನ ಪಾದ್ರಿ ಬೀಗದಕೈಯನ್ನು ತಾನೇ ತಂದುಕೊಟ್ಟ. ಬಾಗಿಲು ಒಡೆದರೆ ರಿಪೇರಿ ಖರ್ಚು ಯಾರು ಕೊಡುತ್ತಾರೆ ಎಂದನಂತೆ. ಅಪ್ಪನ ಮೂಳೆಯೂ ಮನೆಗೆ ಬರಲಿಲ್ಲ.

ಮುಂದಿನ ಭಾನುವಾರ ಅದೇ ಪಾದ್ರಿ, ಅಮ್ಮ ಇಸ್ತ್ರಿ ಮಾಡಿದ ನಿಲುವಂಗಿಯಲ್ಲೇ, ಕೈಯೆತ್ತಿ ಆಳುವವರ ಪ್ರಾರ್ಥನೆ ಓದಿ ಸೇನಾಧಿಪತಿಗೆ ದೀರ್ಘಾಯುಸ್ಸು ಬೇಡಿದ. ಅಮ್ಮ ಮಗಳ ಕೈಹಿಡಿದು ಎದ್ದಳು. ಅಂಗಳದ ನಲ್ಲಿಯಲ್ಲಿ ಬೊಗಸೆ ನೀರು ಕುಡಿದು, ಆಮೆನ್ ಆದಮೇಲೆ ಒಳಗೆ ಬಂದು ಕೂತಳು. ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಹೀಗೇ. ಸಕ್ಕರೆ ಕಾಯಿಲೆ ಎಂದರು ದೊಡ್ಡವರು. ಮಕ್ಕಳು ನಲ್ಲಿಯಮ್ಮ ಎಂದು ಹೆಸರಿಟ್ಟರು.

"ಈ ಚರ್ಚೇ ಬೇಡಮ್ಮ, ಬಿಟ್ಬಿಡೋಣ," ಎಂದು ಮಗಳು ಒಮ್ಮೆ ಅತ್ತಿದ್ದಳು.

"ನಾನ್ಯಾಕೆ ಬಿಡ್ಲಿ? ಏಸು ಏನು ಅವರಪ್ಪನ ಆಸ್ತಿನಾ?"

ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಸಭೆ ಯಾವತ್ತೂ ಹಿಂದೆ ಬಿದ್ದದ್ದಿಲ್ಲ. ಸೇನಾಧಿಪತಿಯ ಕುರ್ಚಿ ಅಲುಗುತ್ತಿದ್ದಂತೆ ಅದೇ ದೊಡ್ಡವರು ಶಿಲುಬೆ ಹಿಡಿದು ಮೆರವಣಿಗೆಯ ಮುಂದೆ ನಿಂತರು. ಅವನನ್ನು ಇಳಿಸಿದ್ದೇ ಚರ್ಚು ಎಂದು ಈಗ ಶಾಲೆಯ ಪಾಠದಲ್ಲಿದೆ. ಪ್ರಾರ್ಥನೆ ಮಾತ್ರ ಹಾಗೇ ಉಳಿಯಿತು, ಹೆಸರೊಂದು ಬದಲಾಗಿ. ಅಮ್ಮ ಆಗಲೂ ಎದ್ದು ನಲ್ಲಿಗೆ ಹೋದಳು.

"ಈಗ ಬಂದಿರೋರು ನಮ್ಮವರೇ ಅಲ್ವೇನೇ ಅತ್ತಿಗೆ?" ಎಂದಿದ್ದಳು ಸೋದರತ್ತೆ.

"ಹೆಸರು ತಾನೇ ಬದಲಾಗಿದ್ದು? ಅದನ್ನೇ ಕೇಳಿ ಕೇಳಿ ದೇವರಿಗಾದ್ರೂ ನಾಚಿಕೆ ಆಗಲ್ವಾ?"

* * *

ಚರ್ಚಿನ ಮೊದಲ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಮಂತ್ರಿ ಕೂತಿದ್ದ. ತೆರೆದ ಶವಪೆಟ್ಟಿಗೆಯಲ್ಲಿ ಅಮ್ಮ, ಸುಕ್ಕಿಲ್ಲದ ಬಿಳಿ ಉಡುಪಿನಲ್ಲಿ.

"ಈ ನಾಡಿನ ರಾಜಕೀಯ ಚರಿತ್ರೆಯನ್ನು ಯಾರೇ ಬರೆದರೂ ಈ ಸಭೆಯನ್ನು ಬಿಟ್ಟು ಬರೆಯಲಾಗದು," ಎಂದರು ಬಿಷಪ್ಪರು. "ಸರ್ವಾಧಿಕಾರಿಯ ಕಾಲದಲ್ಲಿ ನಮ್ಮ ಈ ತಾಯಿ ಎದ್ದು ಹೊರನಡೆದರು. ಅವರೊಂದಿಗೆ ಇಡೀ ಸಭೆಯೇ ನಡೆಯಿತು!"

"ಕೂತ ಜಾಗದಲ್ಲೇ ನಡೀತು," ಎಂದು ಸೋದರತ್ತೆ ಗೊಣಗಿದಳು.

ಕಳೆದ ತಿಂಗಳವರೆಗೂ ಅಮ್ಮ ಎದ್ದುಹೋಗುತ್ತಿದ್ದಳೆಂಬುದು ಬಿಷಪ್ಪರ ಬಾಯಿಗೆ ಬರಲಿಲ್ಲ. ಅವರು ಮಂತ್ರಿಯ ಕಡೆ ಒಮ್ಮೆ ನೋಡಿ ಕೈಯೆತ್ತಿದರು. "ಈ ಹೊತ್ತಿನಲ್ಲಿ ನಮ್ಮನ್ನು ಆಳುವವರಿಗಾಗಿಯೂ ಪ್ರಾರ್ಥಿಸೋಣ."

ಮಗಳು ಪಾದ್ರಿಯ ಬಳಿಗೆ ಸರಿದಳು. "ಮಾತು ಕೊಟ್ಟಿದ್ರಿ."

"ಬಿಷಪ್ಪರಿಗೆ ಹೇಗೆ ಹೇಳ್ಲಿ ಅಕ್ಕಾ? ಒಂದೇ ನಿಮಿಷ, ಮುಗಿದೇ ಹೋಗುತ್ತೆ."

ಪೆಟ್ಟಿಗೆ ಹೊರಲು ಬಂದಿದ್ದ ನೆರೆಯವರ ಕಡೆ ತಿರುಗಿದಳು. "ಎತ್ತಿ. ಹೊರಗೆ ತಗೊಂಡು ಹೋಗೋಣ, ಈಗಲೇ." ಅವರು ಬಾಗಿಲಲ್ಲಿದ್ದ ಪೊಲೀಸರನ್ನು ನೋಡಿದರು. ಆಮೇಲೆ ಪ್ರಾರ್ಥನೆಗೆಂದು ಕಣ್ಣು ಮುಚ್ಚಿಕೊಂಡರು.

ಬಿಷಪ್ಪರ ದನಿ ಏರಿತು. ಅಪ್ಪ ಹೋದ ಮೇಲೆ ಮೊದಲ ಸಲ ಅಮ್ಮ ಈ ಪ್ರಾರ್ಥನೆಗೆ ಒಳಗೇ ಉಳಿದಿದ್ದಳು, ಏಳಲಾರದೆ. ಮಗಳು ಪೆಟ್ಟಿಗೆಯ ಬಳಿ ಹೋಗಿ ಬಾಗಿ, ಎರಡೂ ಅಂಗೈಗಳಿಂದ ಅಮ್ಮನ ಕಿವಿಗಳನ್ನು ಮುಚ್ಚಿದಳು. ಕಿವಿ ತಣ್ಣಗಿದ್ದವು.

ತಾಯಿಯ ಮುಖ ಹಿಡಿದು ಅಳುತ್ತಿದ್ದಾಳೆಂದುಕೊಂಡು ಮಂತ್ರಿಯ ಫೋಟೋದವನು ಮುಂದೆ ಬಂದ. "ಸ್ವಲ್ಪ ಈ ಕಡೆ ತಿರುಗಿ ಅಕ್ಕಾ," ಎಂದು ಪಿಸುಗುಟ್ಟಿದ.

ಅವಳು ತಿರುಗಲಿಲ್ಲ. ಬೆನ್ನ ಹಿಂದೆ ಇಡೀ ಸಭೆ ಒಕ್ಕೊರಲಿನಿಂದ ಆಮೆನ್ ಎಂದಿತು. ಅವಳು ಅಂಗೈಗಳನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದಳು.