ಮುಂದಿನ ಸೀಟಿನ ಟವೆಲ್ಲು

ಮೂಡಲಗಿಯಲ್ಲಿ ಗ್ಯಾರೇಜು ಇಟ್ಟಿದ್ದ ಅಯೂಬ ಒಂದು ಹಳೆಯ ಜೀಪನ್ನು ತಂದು, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಕೊನೆಗೊಮ್ಮೆ ಅದು ನಾಲ್ಕೂ ಚಕ್ರದ ಬಲದಲ್ಲಿ ಗುಡ್ಡ ಹತ್ತುವ ಹಾಗೆ ಮಾಡಿದ್ದೇ ತಡ, ಅವನ ಗೆಳೆಯ ಮುರಿಗೆಪ್ಪನ ತಲೆಗೆ ರಾಜಸ್ಥಾನದ ಮರುಭೂಮಿ ಹೊಕ್ಕಿತು. ಮುರಿಗೆಪ್ಪ ಹೊಳೆದಂಡೆಯ ಕಬ್ಬಿನ ರೈತ. ಹುಟ್ಟಿದಾಗಿನಿಂದ ಕೆಸರು ತುಳಿದವನಿಗೆ ಮರಳಿನ ಹುಚ್ಚು ಹಿಡಿದರೆ ಕೇಳಬೇಕೆ! ರಸ್ತೆಯೇ ಇಲ್ಲದ ಕಡೆ ಜೀಪು ಓಡಿಸುವುದು, ಹೊತ್ತು ಮುಳುಗಿದಲ್ಲಿ ಟೆಂಟು ಹಾಕುವುದು, ವಾರವಿಡೀ ಒಬ್ಬರ ಮುಖವನ್ನೂ ನೋಡದೆ ಇರುವುದು. ದಿನಾ ಸಂಜೆ ಇಬ್ಬರೂ ಅಯೂಬನ ಪಡಸಾಲೆಯಲ್ಲಿ ಕೂತು ಇದನ್ನೇ ಮಾತಾಡುತ್ತಿದ್ದರು.

ಚಹಾ ತಂದುಕೊಡುತ್ತಿದ್ದವಳು ಅಯೂಬನ ತಾಯಿ ಮೈನಾಬಿ. ಕಪ್ಪು ಇಟ್ಟ ಮೇಲೂ ಅವಳು ಅಲ್ಲಿಂದ ಕಾಲು ಕೀಳುತ್ತಿರಲಿಲ್ಲ. ಅವಳ ಗಂಡ ಕಾಸೀಮಸಾಬ ಲಾರಿ ಡ್ರೈವರ್ ಆಗಿದ್ದ. ಮೂಡಲಗಿಯ ಬೆಲ್ಲ ಹೇರಿಕೊಂಡು ರಾಜಸ್ಥಾನಕ್ಕೆ ಹೋಗಿ ಬಂದಾಗಲೆಲ್ಲ ಅಲ್ಲಿನ ಮರಳಿನ ಸುದ್ದಿಯೇ ಸುದ್ದಿ. ಎಷ್ಟು ಆಳ ತೋಡಿದರೂ ಕೈ ಒದ್ದೆಯಾಗದೇ ಹೊರಗೆ ಬರುತ್ತದೆ ಎನ್ನುತ್ತಿದ್ದ. ಒಮ್ಮೆ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳಿದ್ದ. ಅಷ್ಟರಲ್ಲಿ ಅವನೇ ಈ ಲೋಕ ಬಿಟ್ಟು ಹೊರಟುಹೋದ. ಮೈನಾಬಿಗೆ ಹಜ್ ಬಿಟ್ಟರೆ ಈ ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ: ಆ ಮರಳಿನಲ್ಲಿ ಒಮ್ಮೆ ಕೈ ಹಾಕಿ ನೋಡಬೇಕು.

ಒಂದು ಸಂಜೆ ಮುರಿಗೆಪ್ಪ ಅಯೂಬನ ಮೊಬೈಲನ್ನು ಅವಳ ಕಣ್ಣಿನ ಮುಂದೆ ಹಿಡಿದ.

"ನೋಡ್ರಿ ಚಾಚಿ, ಎಲ್ಲೆಲ್ಲಿ ಮುಕ್ಕಾಮ ಮಾಡೂದಂತ ಗುರ್ತು ಹಾಕೇನಿ. ಎಲ್ಲಾ ನಂದ ಪಸಂದ."

ಮೈನಾಬಿ ಮೂಗಿನ ಮೇಲಿನ ಚಾಳೀಸು ಸರಿಮಾಡಿಕೊಂಡು ನೋಡಿದಳು. ಕೆಂಪು ಚುಕ್ಕೆಗಳೆಲ್ಲ ಒಂದೇ ನೀಲಿ ಗೆರೆಯ ಮೇಲೆ ಸಾಲಾಗಿ ಕೂತಿದ್ದವು.

"ಈ ನೀಲಿ ಗೀಟು ಏನೋ?"

"ಕಾಲುವಿ ಚಾಚಿ! ಅಲ್ಲಿ ದೊಡ್ಡ ಕಾಲುವಿ ಐತಿ. ನೀರಿಲ್ಲದ ಕಡೆ ಮನಶಾ ಮಲಗತಾನೇನ್ರಿ?"

"ಕಾಲುವಿ ದಂಡಿಗೆ ಮಲಗಾಕ ರಾಜಸ್ಥಾನ ಯಾಕ ಬೇಕೋ ತಮ್ಮಾ? ನಿನ್ನ ಹೊಲದಾಗ ಮಲಗು, ಡೀಸಲ್ ಉಳೀತೈತಿ."

ಅಯೂಬ ಬಿದ್ದು ಬಿದ್ದು ನಕ್ಕ. ಗಟ್ಟಿ ನೆಲ ಬೇಕು, ಗಾಳಿಗೆ ಮರೆ ಬೇಕು, ಜೀಪು ತಿರುಗಿಸಲು ಜಾಗ ಬೇಕು ಎಂದು ಅವನೂ ಹೇಳಿ ಹೇಳಿ ಸೋತಿದ್ದ. ಮುರಿಗೆಪ್ಪನದು ಒಂದೇ ಹಟ. ಕೈ ಚಾಚಿದರೆ ನೀರು ಸಿಗಬೇಕು.

"ಹಂಗಾರ ನಾನೂ ಬರ್ತೇನಿ," ಎಂದಳು ಮೈನಾಬಿ.

ನಗು ನಿಂತಿತು. "ಎಲ್ಲಿ ಕುಂದ್ರತಿ ಅಮ್ಮಾ?" ಎಂದ ಅಯೂಬ. "ಹಿಂದ ನೀರಿನ ಕ್ಯಾನು, ಡೀಸಲ್ಲು, ಟೆಂಟು. ಮುಂದ ನಾ, ಬಾಜೂಕ ಮುರಿಗ್ಯಾ. ಮತ್ತ ನಿನ್ನ ಮೊಣಕಾಲು?"

ಮೈನಾಬಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ನೋಡಿದರೆ ಜೀಪಿನ ಮುಂದಿನ ಸೀಟಿನ ಮೇಲೆ ನೀಲಿ ಅಂಚಿನ ಹಳೆಯ ಟವೆಲ್ಲೊಂದು ಬಿದ್ದಿತ್ತು.

ಈ ಸೀಮೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗೋಕಾಕ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಒಳಗೆ ಎಸೆದವನದೇ ಸೀಟು, ಅದರ ಮೇಲೆ ಬೇರೆಯವರು ಕೂತರೆ ಜಗಳ ಗ್ಯಾರಂಟಿ. ಕಾಸೀಮಸಾಬ ಈ ವಿದ್ಯೆಯಲ್ಲಿ ಪಳಗಿದವನಾಗಿದ್ದ. ಅವನು ಟವೆಲ್ಲು ಎಸೆದ ಮೇಲೆ ಮೈನಾಬಿ ಕೂಸನ್ನು ಎತ್ತಿಕೊಂಡು ರಾಣಿಯ ಹಾಗೆ ನಿಧಾನಕ್ಕೆ ಬಸ್ಸು ಹತ್ತುತ್ತಿದ್ದಳು.

ಮುರಿಗೆಪ್ಪ ಟವೆಲ್ಲಿನ ಕಡೆ ಕೈ ಚಾಚಿದ, ಹಿಂದೆ ತೆಗೆದ. ಟವೆಲ್ಲಿನ ಹಕ್ಕಿಗಾಗಿ ಅವನೇ ಎಷ್ಟು ಸಲ ಕೂಗಾಡಿದ್ದನೋ! "ಏ ಅಯೂಬಾ, ಇದು ಸರಿ ಅಲ್ಲ ನೋಡು," ಎಂದು ಗೊಣಗಿದನೇ ಹೊರತು ಮುಟ್ಟಲಿಲ್ಲ.

ಕೊನೆಗೆ ಅಯೂಬನೇ ತೀರ್ಪು ಕೊಟ್ಟ. ಹೇಗೂ ಹೊರಡುವ ಮುಂಚೆ ಒಂದು ತಾಲೀಮು ಆಗಬೇಕು. ಘಟಪ್ರಭೆಯ ಮರಳಿನಲ್ಲಿ ಒಂದು ರಾತ್ರಿ ಟೆಂಟು ಹಾಕಿ ಮಲಗುವುದು. ಬೆಳಿಗ್ಗೆ ಅಮ್ಮನ ಮೊಣಕಾಲು ತಕರಾರು ಮಾಡದಿದ್ದರೆ ಸೀಟು ಅವಳಿಗೆ, ಮುರಿಗೆಪ್ಪ ಹಿಂದೆ ಕ್ಯಾನುಗಳ ನಡುವೆ. ತಕರಾರು ಮಾಡಿದರೆ ಅಮ್ಮ ಮನೆಯಲ್ಲಿ. ಮೈನಾಬಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಒಪ್ಪಿದಳು.

ಆ ವರ್ಷ ಹೊಳೆ ಬೇಗನೆ ಬತ್ತಿ, ಮುರಿಗೆಪ್ಪನ ಹೊಲದ ಕೆಳಗೆ ಬರೀ ಮರಳು ಬಿದ್ದಿತ್ತು. ನಡುವೆ ಒಂದು ಸಣ್ಣ ಹರಿವು. ಟೆಂಟಿನ ಜಾಗ ಆರಿಸುವ ಹಕ್ಕನ್ನು ಯಾರಿಗೂ ಬಿಟ್ಟುಕೊಡದೆ ಮುರಿಗೆಪ್ಪ ಆ ಹರಿವಿನ ಪಕ್ಕಕ್ಕೇ ಗೂಟ ಬಡಿದ. ಆಮೇಲೆ ಇನ್ನೊಂದು ಕಾನೂನು ತಂದ. "ಮರುಭೂಮಿಯೊಳಗ ರೇಂಜ್ ಇರೂದಿಲ್ಲ. ಫೋನ್ ಬಂದ್ ಮಾಡ್ರಿ. ತಾಲೀಮು ಅಂದ್ರ ಖರೇನ ತಾಲೀಮು ಆಗಬೇಕು."

ಮೈನಾಬಿ ಮರಳಿನಲ್ಲಿ ಕಾಲು ಚಾಚಿ ಕೂತಳು. ಇಳಿಬಿಸಿಲು ಹಿತವಾಗಿತ್ತು. ಬೆರಳಿನಿಂದ ಸುಮ್ಮನೆ ತೋಡಿದಳು. ಮೊಣಕೈಯಷ್ಟು ಆಳಕ್ಕೆ ಹೋಗುವ ಮೊದಲೇ ಕೈ ಒದ್ದೆಯಾಯಿತು. ಇದು ನಮ್ಮವರು ಹೇಳಿದ ಮರಳಲ್ಲ ಎಂದುಕೊಂಡಳು. ನೋಡನೋಡುತ್ತ ಆ ಗುಂಡಿ ನೀರಿನಿಂದ ತುಂಬಿ, ತುಳುಕಿ, ಅವಳ ಹಿಮ್ಮಡಿಯನ್ನು ಮುಟ್ಟಿತು.

ಅದೇ ಹೊತ್ತಿಗೆ ದಂಡೆಯ ಮೇಲಿಂದ ಪಕ್ಕದ ಹೊಲದ ಅಣ್ಣಪ್ಪ ಬಾಯಿ ಮಾಡಿದ.

"ಏ ಮುರಿಗೆಪ್ಪಾ! ಹೊಳಿಗೆ ನೀರು ಬಿಟ್ಟಾರೋ! ಆಗಿಂದ ಫೋನ್ ಮಾಡಾಕತ್ತೇನಿ, ಎಲ್ಲಿ ಸತ್ತಿ?"

ಮುರಿಗೆಪ್ಪ ದಡಬಡಿಸಿ ಎದ್ದ. ಕಬ್ಬು ಒಣಗುತ್ತಿದೆ, ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡಿ ಎಂದು ಹುಕ್ಕೇರಿ ರಸ್ತೆಯಲ್ಲಿ ವಾರಗಟ್ಟಲೆ ಧರಣಿ ಕೂತು ಗಂಟಲು ಹರಿದುಕೊಂಡವರಲ್ಲಿ ಅವನೇ ಮುಂಚೂಣಿಯವನು. ಮರುಭೂಮಿಯ ಗುಂಗಿನಲ್ಲಿ ಅದನ್ನು ಪೂರ್ತಿ ಮರೆತಿದ್ದ. ನೀರು ಮರೆತಿರಲಿಲ್ಲ.

ಅಯೂಬ ತಾಯಿಯನ್ನು ಎತ್ತಿ ಟವೆಲ್ಲಿನ ಮೇಲೇ ಕೂರಿಸಿ ಗೇರು ಹಾಕಿದ. ಜೀಪು ಗುರ್ರೆಂದು ಮರಳು ಹಾರಿಸಿ ದಂಡೆ ಹತ್ತಿತು. ಮುರಿಗೆಪ್ಪ ಹಿಂದೆ ಜೋತುಬಿದ್ದು ಬಂದ. ಮೇಲೆ ನಿಂತು ತಿರುಗಿ ನೋಡಿದರೆ ಟೆಂಟು ರೊಟ್ಟಿಯ ಗಂಟಿನ ಸಮೇತ ತೇಲಿ ಹೋಗುತ್ತಿತ್ತು.

"ಟೆಂಟು ಹೋತಲ್ಲೋ!" ಎಂದು ಅಯೂಬ ತಲೆ ಮೇಲೆ ಕೈ ಹೊತ್ತ.

"ಹೋಗ್ಲಿ ಬಿಡೋ! ನೀರು ಬಂತಲ್ಲೋ!" ಎಂದು ಮುರಿಗೆಪ್ಪ ಅಣ್ಣಪ್ಪನನ್ನು ತಬ್ಬಿಕೊಂಡು ಕುಣಿದ.

ಅವರ ಕುಣಿತ ನೋಡಿ ಮೈನಾಬಿಗೂ ನಗು ಬಂತು. ಆದರೆ ಮನೆಗೆ ಬರುವ ದಾರಿಯಲ್ಲಿ ಆ ನಗು ಉಳಿಯಲಿಲ್ಲ. ತಾಲೀಮು ಅರ್ಧಕ್ಕೇ ನಿಂತಿತ್ತು, ಟೆಂಟು ಹೊಳೆಪಾಲಾಗಿತ್ತು. ಇನ್ನು ಯಾರ ಪ್ರವಾಸ, ಎಲ್ಲಿಯ ಮರಳು! ಇಳಿಯುವಾಗ ಟವೆಲ್ಲು ತೆಗೆಯಬೇಕೆಂದು ಕೈ ಹಾಕಿದಳು. ಮನಸ್ಸು ಬರಲಿಲ್ಲ, ಅಲ್ಲೇ ಬಿಟ್ಟಳು.

ಬೆಳಿಗ್ಗೆ ಮುರಿಗೆಪ್ಪ ಮೊಣಕಾಲತನಕ ಕೆಸರು ಮೆತ್ತಿಕೊಂಡು, ಹೆಗಲ ಮೇಲೆ ಸಲಿಕೆ, ಬಗಲಲ್ಲಿ ಬೆಲ್ಲದ ಗಾಣದಲ್ಲಿ ಹೊದಿಸುವ ತಾಡಪತ್ರಿ ಹಿಡಿದು ಬಂದ.

"ನಾ ಬರಾಂಗಿಲ್ಲೋ ಅಯೂಬಾ. ನೀರು ಬಂದಾಗ ಹೊಲಾ ಬಿಟ್ಟು ಹೋದ್ರ ಕಬ್ಬು ನನ್ನ ಮಾರಿ ನೋಡೂದಿಲ್ಲ. ಟೆಂಟಿನ ಬದಲಿ ಇದನ್ನ ಒಯ್ಯಿ."

"ಹಂಗಾರ ನಾ ಒಬ್ಬಾವ ಹೆಂಗ ಹೋಗಲೋ?"

ಮುರಿಗೆಪ್ಪ ಅಂಗಳದ ಕಡೆ ಗದ್ದ ಎತ್ತಿ ತೋರಿಸಿದ. ಮೈನಾಬಿ ಆಗಲೇ ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಮಗನ ಮೊಬೈಲು ಹಿಡಿದು, ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ನೀಲಿ ಗೆರೆಯಿಂದ ದೂರ ಎಳೆಯುತ್ತಿದ್ದಳು.

"ನಿನ್ನ ಮೊಣಕಾಲು ಹೆಂಗ ಅದಾವ?" ಎಂದು ಅಯೂಬ ಹತ್ತಿರ ಬಂದು ಕೇಳಿದ.

"ಅವು ತಯಾರದಾವ. ಮುರಿಗ್ಯಾನ ಜಾಗಾದಾಗ ಇನ್ನೊಂದು ನೀರಿನ ಕ್ಯಾನು ಇಡು. ಕಾಲುವಿ ಹಂತ್ಯಾಕ ಹೋಗೂದು ಬ್ಯಾಡ."

ಅಯೂಬನಿಗೆ ನಗು ತಡೆಯಲಾಗಲಿಲ್ಲ. "ಕಡೀಕೂ ಸೀಟ್ ಹಿಡದಿ ನೋಡಮ್ಮಾ."

ಮೈನಾಬಿ ಸೀಟಿನಿಂದ ಇಳಿಬಿದ್ದಿದ್ದ ಆ ನೀಲಿ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಸವರಿದಳು.

"ನಾ ಎಲ್ಲಿ ಹಿಡದೇನೋ? ಟವೆಲ್ ನಿಮ್ಮ ಅಬ್ಬಾಂದು. ಸೀಟ್ ಹಿಡದಾರ ಅವರು. ನಾ ಕುಂದ್ರಾಕಿ ಅಷ್ಟ."