ಶಾಂಭವಿಯವರ ಬ್ಯಾಗಿನಲ್ಲಿದ್ದ ರಿವಾಲ್ವರ್

ನಾನು ಒಂದು ರಿವಾಲ್ವರ್. ಕಾರ್ಖಾನೆಯಲ್ಲಿ ಪರೀಕ್ಷೆಗೆಂದು ಗುಂಡು ಹಾರಿಸಿದರು. ನಾನು ಗರ್ಜಿಸಿದ್ದು ಆಗ ಮಾತ್ರ. ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನ ಪಕ್ಕ ಒಂದು ಜೋಡು ನಳಿಕೆಯ ಬಂದೂಕಿತ್ತು. ಬಂದವರೆಲ್ಲ ಅದನ್ನೇ ಹೆಗಲಿಗೆ ಆನಿಸಿ ನೋಡುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಮೊದಲು ನನ್ನನ್ನು ಕೊಂಡ ಬೆಲ್ಲದ ವ್ಯಾಪಾರಿ ಕಪಾಟಿನಲ್ಲಿಟ್ಟು ಮರೆತರು, ವಯಸ್ಸಾದ ಮೇಲೆ ಅಂಗಡಿಗೇ ಮರಳಿಸಿದರು. ಆಮೇಲೆ ಬಂದವರು ವಿಜಯಪುರದ ವಕೀಲೆ ಶಾಂಭವಿ ಬಿರಾದಾರ. ಗಂಡನಿಂದ ಹೊಡೆತ ತಿಂದ ಹೆಣ್ಣೊಬ್ಬಳ ಪರವಾಗಿ ವಾದಿಸಿದ್ದಕ್ಕೆ ಆ ಗಂಡ ಕೋರ್ಟಿನ ಹೊರಗೆ ಇವರ ಮೇಲೆ ಕುಡಗೋಲು ಬೀಸಿದ್ದ. ಅದಕ್ಕೇ ಲೈಸನ್ಸ್ ಪಡೆದಿದ್ದರು.

ಅವರ ಬ್ಯಾಗಿನಲ್ಲಿ ನನ್ನ ಜೊತೆ ಮೊಬೈಲ್ ಇರುತ್ತಿತ್ತು. ಅದನ್ನು ಕೆನ್ನೆಗೊತ್ತಿ ನಗುತ್ತಿದ್ದರು. ನಾನು ಬೆರಳಿಗೆ ತಾಕಿದರೆ ಮುಖ ಗಂಟಿಕ್ಕುತ್ತಿದ್ದರು. ಪ್ರಾಣ ಕಾಯಲು ನಾನು, ಪ್ರೀತಿಗೆ ಅದು.

ಒಂದು ಸಂಜೆ ಇಂಡಿ ರಸ್ತೆಯಲ್ಲಿ ಪೊಲೀಸರು ಕಾರು ತಡೆದರು. ಎಲ್ಲೋ ದರೋಡೆಯಾಗಿ, ಬಿಳಿ ಕಾರುಗಳನ್ನೆಲ್ಲ ತಪಾಸಣೆ ಮಾಡುತ್ತಿದ್ದರು. ಪಿಎಸ್‌ಐ ಗಾಡಿಯ ಕಾಗದ ಕೇಳಿದರು. ಕಾರು ಓಡಿಸುತ್ತಿದ್ದ ಶಾಂಭವಿಯವರ ಪಕ್ಕದಲ್ಲಿ ಕುಳಿತಿದ್ದ ಅವರ ತಮ್ಮ ಈರಣ್ಣ ಅದನ್ನು ತೆಗೆಯಲು ತನ್ನ ತೊಡೆಯ ಮೇಲಿದ್ದ ಅಕ್ಕನ ಬ್ಯಾಗಿಗೆ ಕೈ ಹಾಕಿದ. ಅವನ ಬೆರಳು ನನ್ನ ಹಿಡಿಗೆ ತಾಗಿತು. ನಾನು ಹಿಗ್ಗಿದೆ, ಇನ್ನು ಎಲ್ಲರೂ ನನ್ನನ್ನು ನೋಡುತ್ತಾರೆ.

“ಈರಣ್ಣ, ಕೈ ಖಾಲಿ ಹೊರಗ ತಗಿ. ಸಾವಕಾಶ,” ಎಂದರು ಶಾಂಭವಿ. ತಾವು ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟರು. “ಸಾಹೇಬ್ರ, ಆ ಬ್ಯಾಗಿನ್ಯಾಗ ನನ್ನ ರಿವಾಲ್ವರ್ ಐತ್ರಿ. ಲೈಸನ್ಸ್ ಸುದ್ದಾ ಅದರಾಗ ಐತಿ. ನಾವು ಮುಟ್ಟಂಗಿಲ್ಲ. ಏನ್ ಮಾಡ್ಬೇಕು ನೀವ ಹೇಳ್ರಿ.”

‘ರಿವಾಲ್ವರ್’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎಳೆಯ ಕಾನ್‌ಸ್ಟೇಬಲ್‌ನ ಬಂದೂಕು ಈರಣ್ಣನ ಎದೆಗೆ ಗುರಿಯಾಯಿತು. ಈರಣ್ಣ ಖಾಲಿ ಅಂಗೈ ಮೇಲೆತ್ತಿದ. ಶಾಂಭವಿಯವರ ಕೈ ಸ್ಟೀರಿಂಗಿನಿಂದ ಕದಲಲಿಲ್ಲ. ಅಷ್ಟು ಬಿಗಿಯಾಗಿ ಅವರು ನನ್ನನ್ನು ಎಂದೂ ಹಿಡಿದಿರಲಿಲ್ಲ.

“ಬಂದೂಕ ಕೆಳಗ ಮಾಡೋ,” ಎಂದು ಪಿಎಸ್‌ಐ ಕಾನ್‌ಸ್ಟೇಬಲ್‌ಗೆ ಗದರಿದರು. “ಅಕ್ಕಾರ, ಬ್ಯಾಗ್ ಅಲ್ಲೇ ಇಟ್ಟು ಇಬ್ಬರೂ ಇಳೀರಿ.”

ಅವರೇ ನನ್ನನ್ನು ಹೊರತೆಗೆದು, ಗುಂಡು ಬಿಚ್ಚಿ, ನನ್ನ ನಂಬರನ್ನು ಲೈಸನ್ಸಿನ ಜೊತೆ ತಾಳೆ ನೋಡಿ ಮರಳಿ ಕೊಟ್ಟರು. “ಮೊದಲ ಹೇಳಿದ್ದು ಚಲೋ ಆತ್ರಿ. ಇಲ್ಲಂದ್ರ ನಮ್ಮ ಹುಡುಗ ಗುಂಡು ಹಾರಿಸಿಬಿಡ್ತಿದ್ದ,” ಎಂದರು.

ಸ್ವಲ್ಪ ದೂರ ಹೋಗಿ ಶಾಂಭವಿ ಕಾರು ನಿಲ್ಲಿಸಿದರು. ತಮ್ಮನ ಕೈಯನ್ನು ಮಡಿಲಿಗೆಳೆದುಕೊಂಡು ಅತ್ತರು. ಆ ಕೈಯ ಮೇಲೂ ನನಗೆ ಮತ್ಸರ.

ಕೇಸು ಮುಗಿದು ಆ ಗಂಡನಿಗೆ ಶಿಕ್ಷೆಯಾದ ಮೇಲೆ ಅವರು ನನ್ನನ್ನು ಪೊಲೀಸ್ ಠಾಣೆಗೆ ಒಪ್ಪಿಸಿಬಿಟ್ಟರು. “ಅಂಜಿಕಿ ಇಲ್ಲೇನಕ್ಕಾ?” ಎಂದು ಈರಣ್ಣ ಕೇಳಿದ. “ಐತಿ. ಆದ್ರ ಅವತ್ತು ಆ ಬಂದೂಕ ನಿನ್ನ ಎದಿಗೆ ತಿರುಗಿದ್ದು ಮರಿಯಾಕ ಆಗವಲ್ದು,” ಎಂದರು.

ಈಗ ನಾನು ಕತ್ತಲ ಉಗ್ರಾಣದಲ್ಲಿದ್ದೇನೆ. ಇಲ್ಲಿನ ಹಳೆಯ ಕೋವಿಗಳು ತಾವು ಉರುಳಿಸಿದ ಹಂದಿಗಳ ಕಥೆ ಹೇಳಿ ಮೆರೆಯುತ್ತವೆ. ನನಗೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಆ ಸಂಜೆ ನಾನು ಬಯಸಿದಂತೆ ಹೊರಬಂದಿದ್ದರೆ, ಈರಣ್ಣ ಅಕ್ಕನ ಜೊತೆ ಮನೆ ಸೇರುತ್ತಿರಲಿಲ್ಲ.